ಗಾಜಿನ ನಳಿಕೆಯ ಕಪ್ಪು ಕಲೆ: ಹಳ್ಳಿಮನೆಯ ಪಾಷಾಣ ಕೋರ್ಟಿನಲ್ಲಿ ರುಜುವಾದ ಬಗೆ

1833ರ ನವೆಂಬರ್ ತಿಂಗಳ ಒಂದು ಬೆಳಿಗ್ಗೆ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಪ್ಲಮ್‌ಸ್ಟೆಡ್ ಎಂಬ ಹಳ್ಳಿಯಲ್ಲಿ ಜಾರ್ಜ್ ಬೋಡಲ್ ಎಂಬ ಸ್ಥಿತಿವಂತ ಮುದುಕ ಎಂದಿನಂತೆ ಕಾಫಿ ಕುಡಿದ. ಅದೇ ಕಾಫಿಯನ್ನು ಮನೆಯ ಹೆಂಗಸರೂ ಕುಡಿದರು. ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಹೊಟ್ಟೆ ಕಿವುಚಿ ವಾಂತಿ ಶುರುವಾಯಿತು. ಉಳಿದವರು ಬದುಕಿಕೊಂಡರು. ಮುದುಕ ಕೆಲವೇ ದಿನಗಳಲ್ಲಿ ಸತ್ತ. ಮೊಮ್ಮಗ ಜಾನ್ ಇಲಿ ಕೊಲ್ಲುವ ನೆಪದಲ್ಲಿ ಪಾಷಾಣ ಕೊಂಡಿದ್ದ. ಎಂದೂ ಅಡುಗೆಮನೆಯ ಕೆಲಸಕ್ಕೆ ಕೈ ಹಾಕದ ಅವನು ಅಂದು ತಾನೇ ಕೆಟಲ್‌ಗೆ ನೀರು ತುಂಬಿಕೊಟ್ಟಿದ್ದ. ಪಕ್ಕದ ವೂಲಿಚ್‌ನ ರಾಯಲ್ ಆರ್ಸೆನಲ್ ಎಂಬ ಶಸ್ತ್ರಾಗಾರದಲ್ಲಿ ರಸಾಯನಜ್ಞನಾಗಿದ್ದ ಜೇಮ್ಸ್ ಮಾರ್ಷ್ ಕಾಫಿಯನ್ನು ಪರೀಕ್ಷಿಸಿ, ಇದರಲ್ಲಿ ಆರ್ಸೆನಿಕ್, ಅಂದರೆ ಪಾಷಾಣ, ಇದೆ ಎಂದು ಹೇಳಿದ. ಆದರೂ ಮೇಡ್‌ಸ್ಟನ್‌ನಲ್ಲಿ ನಡೆದ ವಿಚಾರಣೆಯಲ್ಲಿ ಜ್ಯೂರಿ ಮೊಮ್ಮಗನನ್ನು ಬಿಟ್ಟುಬಿಟ್ಟಿತು. ಮುಂದೆ ಬೇರೆ ಅಪರಾಧಕ್ಕೆ ಶಿಕ್ಷೆಯಾದಾಗ ಅವನೇ ಬಾಯಿಬಿಟ್ಟ: ಹೌದು, ತಾತನಿಗೆ ವಿಷ ಹಾಕಿದ್ದು ನಾನೇ.

ಮಾರ್ಷ್ ಮಾಡಿದ ಪರೀಕ್ಷೆ ತಪ್ಪಾಗಿರಲಿಲ್ಲ, ಆದರೆ ಅದು ಜ್ಯೂರಿಯ ಕಣ್ಣಿಗೆ ಕಟ್ಟಲಿಲ್ಲ. ಆ ಕಾಲದ ರೂಢಿಯಂತೆ ಅವನು ಕಾಫಿಯೊಳಗೆ ಹೈಡ್ರೋಜನ್ ಸಲ್ಫೈಡ್ ಅನಿಲ ಹಾಯಿಸಿದ್ದ. ಆರ್ಸೆನಿಕ್ ಇದ್ದರೆ ಹಳದಿ ಗಸಿ ಇಳಿಯುತ್ತದೆ, ಅಮೋನಿಯ ಸುರಿದರೆ ಕರಗುತ್ತದೆ. ಈ ಹಳದಿ ವಸ್ತು ಬೇರೇನಲ್ಲ, ನಮ್ಮಲ್ಲಿ ಹರಿತಾಳ ಎಂದು ಕರೆಯುವ ಆರ್ಸೆನಿಕ್ ಸಲ್ಫೈಡ್. ವಿಚಾರಣೆಯ ದಿನ ಬರುವ ಹೊತ್ತಿಗೆ ಆ ಗಸಿ ಕೆಟ್ಟುಹೋಗಿತ್ತು ಎನ್ನುತ್ತಾರೆ. ಕೆಟ್ಟಿರದಿದ್ದರೂ, ಸೀಸೆಯ ತಳದ ಹಳದಿ ರಾಡಿಯನ್ನು ತೋರಿಸಿ ಒಬ್ಬ ಹುಡುಗನ ಕುತ್ತಿಗೆಗೆ ಹಗ್ಗ ಹಾಕಿಸುವುದು ಸುಲಭವಿರಲಿಲ್ಲ. ಮಾರ್ಷ್‌ಗೆ ಈ ಸೋಲು ಚುಚ್ಚಿತು. ಕೈಗೆ ಕೊಟ್ಟು ನೋಡಿ ಎನ್ನಬಹುದಾದಂಥ ಒಂದು ರುಜುವಾತು ಬೇಕೆಂದು ಕೂತು, 1836ರಲ್ಲಿ ಅವನು ಹೊಸ ವಿಧಾನವನ್ನು ಪ್ರಕಟಿಸಿದ.

ಹಳ್ಳಿಗಳ ವಿಷಪ್ರಾಶನದ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ಬಂದು ಚಪ್ಪಾಳೆ ತಟ್ಟಿ ನಿಲ್ಲಿಸಿಬಿಡುತ್ತಾರೆ: ವಿಜ್ಞಾನ ಬಂತು, ಕೊಲೆಗಾರರು ಸಿಕ್ಕಿಬಿದ್ದರು. ದಾಖಲೆಗಳು ಹೇಳುವುದು ಬೇರೆ. ಮಾರ್ಷ್ ಪರೀಕ್ಷೆ "ಆರ್ಸೆನಿಕ್ ಇದೆ" ಎಂಬುದನ್ನು ಅಲ್ಲಾಡದಂತೆ ನಿಲ್ಲಿಸಿತು ನಿಜ. ಆದರೆ ಅದರ ಹಿಂದೆಯೇ ಇನ್ನೆರಡು ಪ್ರಶ್ನೆಗಳು ಬಂದು ನಿಂತವು. ಅದು ಎಲ್ಲಿಂದ ಬಂತು? ಯಾರ ಕೈಯಿಂದ ಬಂತು? ಮುಂದಿನ ನಲವತ್ತು ವರ್ಷದ ಜಗಳವೆಲ್ಲ ಈ ಎರಡರ ಸುತ್ತಲೇ.

ಯಾಕೆ ಹಳ್ಳಿ, ಯಾಕೆ ಪಾಷಾಣ

ಬಿಳಿ ಆರ್ಸೆನಿಕ್, ಅಂದರೆ ಶಂಖಪಾಷಾಣ, ನೋಡಲು ಹಿಟ್ಟಿನಂತೆ. ರುಚಿ, ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಇಲಿ ಕಾಟವಿರುವ ಪ್ರತಿ ಹಳ್ಳಿಮನೆಗೂ ಅದು ಬೇಕಾಗಿತ್ತು. ಕುರಿಯ ಉಣ್ಣೆ ತೊಳೆಯುವುದಕ್ಕೆ, ಬಿತ್ತನೆ ಗೋಧಿಯನ್ನು ನೆನೆಸುವುದಕ್ಕೆ, ತಿಗಣೆಗೆ, ಎಲ್ಲಕ್ಕೂ ಅದೇ. ದಿನಸಿ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತಿತ್ತು. ಕೊಂಡವರನ್ನು ಯಾಕೆ ಎಂದು ಕೇಳುವ ಕಾನೂನು 1851ರವರೆಗೆ ಇಂಗ್ಲೆಂಡಿನಲ್ಲಿ ಇರಲಿಲ್ಲ.

ಇದಕ್ಕಿಂತ ದೊಡ್ಡ ಆಸರೆಯಾದದ್ದು ರೋಗಲಕ್ಷಣ. ಪಾಷಾಣ ತಿಂದವನಿಗೆ ಆಗುವುದು ವಾಂತಿ, ಭೇದಿ, ಕಾಲಿನ ಸೆಳೆತ, ತೀರದ ಬಾಯಾರಿಕೆ. ಕಾಲರಾ ಬಂದವನಿಗೂ ಅದೇ. 1831ರಲ್ಲಿ ಕಾಲರಾ ಇಂಗ್ಲೆಂಡಿಗೆ ಕಾಲಿಟ್ಟ ಮೇಲಂತೂ ಇಂಥ ಸಾವು ಕಂಡು ಯಾರೂ ಹುಬ್ಬೇರಿಸುತ್ತಿರಲಿಲ್ಲ. ಬೇಸಿಗೆಯಲ್ಲಿ ಮಕ್ಕಳು ಭೇದಿಯಿಂದ ಸಾಯುವುದು ಹೇಗೂ ಮಾಮೂಲು.

ಅನುಮಾನ ಬಂದರೂ ಅದನ್ನು ಮುಂದಕ್ಕೆ ಒಯ್ಯುವವರು ಯಾರು? ಪ್ರಾಂತ್ಯಗಳಲ್ಲಿ ಪೊಲೀಸ್ ಪಡೆ ಕಟ್ಟಲು 1839ರಲ್ಲಿ ಅನುಮತಿ ಸಿಕ್ಕಿತು, ಅದು ಕಡ್ಡಾಯವಾದದ್ದು 1856ರಲ್ಲಿ. ಅನುಮಾನದ ಸಾವನ್ನು ವಿಚಾರಿಸಬೇಕಾದವನು ಕರೋನರ್. ಅವನಿಗೆ ಸಿಗುತ್ತಿದ್ದುದು ಒಂದೊಂದು ವಿಚಾರಣೆಗೆ ಇಷ್ಟು ಎಂಬ ಫೀಜು. ಪ್ರಾಂತ್ಯದ ಮ್ಯಾಜಿಸ್ಟ್ರೇಟರು, "ಈ ವಿಚಾರಣೆ ಬೇಕಿರಲಿಲ್ಲ" ಎಂದು ಆ ಫೀಜನ್ನೇ ತಡೆಹಿಡಿಯಬಹುದಿತ್ತು. ಹೀಗಾಗಿ ಬಡ ಕೂಲಿಯವನ ಮನೆಯ ಸಾವಿಗೆ ಕೈಯಿಂದ ಖರ್ಚು ಹಾಕಿ ಓಡಾಡುವ ಉಮೇದು ಕರೋನರ್‌ಗಳಿಗೆ ಇರುತ್ತಿರಲಿಲ್ಲ. 1837ರಿಂದ ಸಾವಿನ ನೋಂದಣಿ ಶುರುವಾಯಿತಾದರೂ, ಸಾವಿನ ಕಾರಣಕ್ಕೆ ವೈದ್ಯರ ಪ್ರಮಾಣಪತ್ರ ಕಡ್ಡಾಯವಾಗಲು 1874ರ ಕಾಯ್ದೆ ಬರಬೇಕಾಯಿತು. ಇಷ್ಟು ತೂತುಗಳಿದ್ದ ಜಾಲದಲ್ಲಿ ಎಷ್ಟು ಸಾವುಗಳು ನುಸುಳಿ ಮಣ್ಣಾದವೋ ಲೆಕ್ಕ ಹಾಕುವ ದಾರಿಯಿಲ್ಲ.

ಮಾರ್ಷ್ ಪರೀಕ್ಷೆ ಹಂತಹಂತವಾಗಿ

ಇದರ ತತ್ವ ಸರಳ. ಸತುವಿನ ಚೂರಿನ ಮೇಲೆ ದುರ್ಬಲ ಸಲ್ಫ್ಯೂರಿಕ್ ಆಮ್ಲ ಹಾಕಿದರೆ ಹೈಡ್ರೋಜನ್ ಏಳುತ್ತದೆ. ಆ ದ್ರವದಲ್ಲಿ ಆರ್ಸೆನಿಕ್ ಕರಗಿದ್ದರೆ, ಹುಟ್ಟುತ್ತಿರುವ ಹೈಡ್ರೋಜನ್ ಅದನ್ನು ಹಿಡಿದುಕೊಂಡು ಆರ್ಸೀನ್ ಎಂಬ ಅನಿಲವಾಗುತ್ತದೆ. ಈ ಅನಿಲವನ್ನು ಕಾಯಿಸಿದರೆ ಅದು ಒಡೆದು ಹೈಡ್ರೋಜನ್ ಹಾರಿಹೋಗುತ್ತದೆ, ಆರ್ಸೆನಿಕ್ ಮಾತ್ರ ಲೋಹದ ಹೊಳಪಿನ ಕಂದುಗಪ್ಪು ಲೇಪವಾಗಿ ಕೂರುತ್ತದೆ. ಅಂದರೆ ಹೊಟ್ಟೆಯೊಳಗಿನ ಕಲಸುಮೇಲೋಗರದಿಂದ ಆರ್ಸೆನಿಕ್ ಒಂದೇ ಗಾಳಿಯಾಗಿ ಎದ್ದು, ಬೇರೆ ಕಡೆ ಹೋಗಿ, ಶುದ್ಧವಾಗಿ ಇಳಿಯುತ್ತದೆ. ಹಳೆಯ ಹಳದಿ ಗಸಿಗೂ ಇದಕ್ಕೂ ಇದ್ದ ಅಂತರ ಇದೇ. ಮಿಲಿಗ್ರಾಂನ 50ರಲ್ಲಿ 1 ಭಾಗ ಇದ್ದರೂ ಕಲೆ ಮೂಡುತ್ತಿತ್ತು.

ಮೊದಲ ಉಪಕರಣ ಇಂಗ್ಲಿಷಿನ ಯು ಅಕ್ಷರದಂತೆ ಬಗ್ಗಿಸಿದ ಗಾಜಿನ ಕೊಳವೆ. ಒಂದು ತೋಳಿನಲ್ಲಿ ಸತುವಿನ ತುಂಡು, ಅದರ ಮೇಲೆ ಸಣ್ಣ ಮೂತಿಯ ನಲ್ಲಿ. ಆಮ್ಲ ಬೆರೆಸಿದ ಮಾದರಿಯನ್ನು ತೆರೆದ ತೋಳಿನಿಂದ ಸುರಿಯಬೇಕು. ನಲ್ಲಿ ಮುಚ್ಚಿದ್ದರೆ ಏಳುವ ಅನಿಲ ದ್ರವವನ್ನು ಇನ್ನೊಂದು ತೋಳಿಗೆ ತಳ್ಳುತ್ತದೆ. ನಲ್ಲಿ ತಿರುಗಿಸಿದಾಗ ಆ ದ್ರವದ ಭಾರವೇ ಅನಿಲವನ್ನು ಮೂತಿಯಿಂದ ಹೊರಕ್ಕೆ ನೂಕುತ್ತದೆ. ಅದಕ್ಕೆ ಕಿಡಿ ತಾಗಿಸಿ, ಉರಿಯ ಒಳಕ್ಕೆ ತಣ್ಣನೆಯ ಪಿಂಗಾಣಿ ಚೂರನ್ನು ಹಿಡಿಯಬೇಕು. ಕ್ಷಣದಲ್ಲಿ ಅದರ ಮೇಲೆ ಕಪ್ಪು ಕಲೆ.

ಎಡವುವ ಜಾಗಗಳು ಇಲ್ಲೇ ಇವೆ. ಕೊಳವೆಯೊಳಗಿನ ಗಾಳಿ ಪೂರ್ತಿ ಹೋಗುವ ಮುನ್ನ ಕಿಡಿ ತಾಗಿಸಿದರೆ ಹೈಡ್ರೋಜನ್ ಸಿಡಿದು ಗಾಜು ಚೂರಾಗುತ್ತದೆ, ಮಾದರಿ ನೆಲದ ಪಾಲು. ಪಿಂಗಾಣಿಯನ್ನು ಉರಿಯ ತುದಿಯಲ್ಲಿ ಹಿಡಿದರೆ ಆರ್ಸೆನಿಕ್ ಮತ್ತೆ ಗಾಳಿಯೊಡನೆ ಸೇರಿ ಬಿಳಿ ಪುಡಿಯಾಗುತ್ತದೆ, ಕಪ್ಪು ಕಲೆ ಬರುವುದಿಲ್ಲ. ಮಾದರಿಯಲ್ಲಿ ಮಾಂಸ, ಸಾರು, ಹಾಲಿನ ಅಂಶ ಉಳಿದಿದ್ದರೆ ನೊರೆ ಉಕ್ಕಿ ಮೂತಿಯೇ ಕಟ್ಟಿಕೊಳ್ಳುತ್ತದೆ. ಅದಕ್ಕೆಂದೇ ಅಂಗಾಂಶವನ್ನು ಮೊದಲು ಸಣ್ಣಗೆ ಕತ್ತರಿಸಿ, ನೈಟ್ರಿಕ್ ಆಮ್ಲದಲ್ಲೋ ಸಲ್ಫ್ಯೂರಿಕ್ ಆಮ್ಲದಲ್ಲೋ ಕಾಯಿಸಿ ಕರಿಕಾಗಿಸುತ್ತಿದ್ದರು. ಇಡೀ ಕೆಲಸದಲ್ಲಿ ಅತಿ ಬೇಸರದ, ಅತಿ ಮುಖ್ಯದ ಹಂತ ಇದು. ಬೆಂಕಿ ಜೋರಾದರೆ ಆರ್ಸೆನಿಕ್‌ನ ಒಂದು ಪಾಲು ಹೊಗೆಯ ಜೊತೆಗೇ ಹೋಗುತ್ತದೆ. ಇನ್ನು ಆರ್ಸೀನ್ ಅಂತೂ ಘೋರ ವಿಷ. ಜರ್ಮನಿಯ ರಸಾಯನಜ್ಞ ಗೆಹ್ಲೆನ್ 1815ರಲ್ಲಿ ಸತ್ತದ್ದೇ ಅದನ್ನು ಉಸಿರಾಡಿ.

ಸ್ವೀಡನ್ನಿನ ರಸಾಯನಜ್ಞ ಬೆರ್ಜೀಲಿಯಸ್ ಇದನ್ನು ತಿದ್ದಿದ. ಅನಿಲಕ್ಕೆ ಬೆಂಕಿ ಹಚ್ಚುವ ಬದಲು ಅದನ್ನು ಉದ್ದನೆಯ ಗಾಜಿನ ನಳಿಕೆಯಲ್ಲಿ ಹಾಯಿಸಿ, ನಳಿಕೆಯ ಒಂದು ಜಾಗವನ್ನು ಹೊರಗಿನಿಂದ ಕೆಂಪಗೆ ಕಾಯಿಸಿದರಾಯಿತು. ಕಾದ ಜಾಗ ದಾಟಿದ ಕೂಡಲೇ, ತಣ್ಣಗಿನ ಭಾಗದ ಒಳಗೋಡೆಯಲ್ಲಿ ಕನ್ನಡಿಯಂಥ ಉಂಗುರ ಕೂರುತ್ತದೆ. ನಳಿಕೆಯ ಎರಡೂ ತುದಿಗಳನ್ನು ಕರಗಿಸಿ ಮುಚ್ಚಿದರೆ ಅದು ಜ್ಯೂರಿಯ ಕೈಯಿಂದ ಕೈಗೆ ಹೋಗಬಲ್ಲ ಸಾಕ್ಷ್ಯ.

ಆದರೆ ಕಪ್ಪು ಉಂಗುರ ಬಿಡುವ ವಸ್ತು ಆರ್ಸೆನಿಕ್ ಒಂದೇ ಅಲ್ಲ, ಆಂಟಿಮನಿ ಎಂಬ ಧಾತುವೂ ಬಿಡುತ್ತದೆ. ಆಗಿನ ವೈದ್ಯರು ವಾಂತಿ ಮಾಡಿಸಲು ಕೊಡುತ್ತಿದ್ದ ಟಾರ್ಟರ್ ಎಮೆಟಿಕ್ ಎಂಬ ಔಷಧಿಯಲ್ಲಿ ಇದ್ದದ್ದು ಆಂಟಿಮನಿಯೇ. ವಿಷ ಉಂಡವನ ಪ್ರಾಣ ಉಳಿಸಲು ಕೊಟ್ಟ ಮದ್ದೇ ಸಾಕ್ಷ್ಯವನ್ನು ಕಲಸಿಬಿಡಬಹುದಿತ್ತು. ಬೇರ್ಪಡಿಸುವ ಉಪಾಯಗಳಿದ್ದವು. ಸೋಡಿಯಂ ಹೈಪೋಕ್ಲೋರೈಟ್ ಹನಿಸಿದರೆ ಆರ್ಸೆನಿಕ್ ಕಲೆ ತಕ್ಷಣ ಮಾಯ, ಆಂಟಿಮನಿ ಕಲೆ ಹಾಗೇ ಇರುತ್ತದೆ. ಆಂಟಿಮನಿಯ ಉಂಗುರ ಕಾದ ಜಾಗಕ್ಕೆ ಅಂಟಿಕೊಂಡು, ಎರಡೂ ಪಕ್ಕಕ್ಕೆ ಕೂರುತ್ತದೆ. ಆರ್ಸೆನಿಕ್ ಉಂಗುರವನ್ನು ಗಾಳಿಯಲ್ಲಿ ಕಾಯಿಸಿದರೆ ಬೆಳ್ಳುಳ್ಳಿ ವಾಸನೆ ಬಂದು, ಮುಂದೆ ತಣ್ಣಗಿನ ಗಾಜಿನಲ್ಲಿ ಎಂಟು ಮುಖದ ಸಣ್ಣ ಹರಳುಗಳು ಹೊಳೆಯುತ್ತವೆ. ಇಷ್ಟನ್ನೂ ಮಾಡದೆ ಬರೀ ಕಪ್ಪು ಕಂಡು ಸಾಕ್ಷಿ ಹೇಳಿದ ತಜ್ಞನನ್ನು ನಂಬುವಂತಿರಲಿಲ್ಲ.

ವಿಷ ಸತುವಿನಲ್ಲೇ ಇದ್ದರೆ?

ಇಡೀ ವಿಷಯದಲ್ಲಿ ಅತ್ಯಂತ ಕುತೂಹಲದ ಭಾಗ ಇದು. ಪ್ರಕೃತಿಯಲ್ಲಿ ಸತುವಿನ ಅದಿರೂ ಆರ್ಸೆನಿಕ್ಕೂ ಜೊತೆಜೊತೆಗೇ ಸಿಗುತ್ತವೆ. ಹಾಗಾಗಿ ಅಂಗಡಿಯ ಸತುವಿನಲ್ಲಿ ಆರ್ಸೆನಿಕ್‌ನ ಸುಳಿವು ಇರುತ್ತಿತ್ತು. ಸಲ್ಫ್ಯೂರಿಕ್ ಆಮ್ಲದ ಕಥೆ ಇನ್ನೂ ಸ್ವಾರಸ್ಯ. ಮೊದಲು ಅದನ್ನು ಸಿಸಿಲಿಯ ಗಂಧಕದಿಂದ ತಯಾರಿಸುತ್ತಿದ್ದರು. 1838ರಲ್ಲಿ ಸಿಸಿಲಿಯ ಗಂಧಕದ ವ್ಯಾಪಾರ ಒಂದೇ ಕಂಪನಿಯ ಕೈಗೆ ಹೋಗಿ ಬೆಲೆ ಏರಿತು. ತಯಾರಕರು ಕಬ್ಬಿಣ, ಗಂಧಕ ಕೂಡಿದ ಪೈರೈಟ್ ಅದಿರಿನತ್ತ ತಿರುಗಿದರು. ಪೈರೈಟ್‌ನಲ್ಲಿ ಆರ್ಸೆನಿಕ್ ಇರುತ್ತದೆ. ಸರಿಯಾಗಿ ಮಾರ್ಷ್ ಪರೀಕ್ಷೆ ಯುರೋಪಿನ ಕೋರ್ಟುಗಳಿಗೆ ಕಾಲಿಡುವ ಹೊತ್ತಿಗೆ, ಆ ಪರೀಕ್ಷೆಗೆ ಬಳಸುವ ಆಮ್ಲದೊಳಕ್ಕೂ ವಿಷ ಸೇರಿಕೊಂಡಿತು.

ಪರಿಹಾರವೆಂದರೆ ಬ್ಲ್ಯಾಂಕ್. ಮಾದರಿ ಹಾಕದೆ, ಅದೇ ಸೀಸೆಯ ಆಮ್ಲ, ಅದೇ ಸತು, ಅದೇ ಕೊಳವೆಯಲ್ಲಿ ಮೊದಲು ಒಂದು ಸುತ್ತು ನಡೆಸಬೇಕು. ಅಸಲಿ ಪರೀಕ್ಷೆ ಎಷ್ಟು ಹೊತ್ತೋ ಇದೂ ಅಷ್ಟು ಹೊತ್ತು. ನಳಿಕೆ ತಿಳಿಯಾಗಿಯೇ ಉಳಿದರೆ ಮಾತ್ರ ಮುಂದಿನ ಹೆಜ್ಜೆ. ಐದು ನಿಮಿಷ ಬ್ಲ್ಯಾಂಕ್ ನಡೆಸಿ, ಗಂಟೆಗಟ್ಟಲೆ ಮಾದರಿ ಓಡಿಸಿದರೆ ಅದು ಬ್ಲ್ಯಾಂಕ್ ಅಲ್ಲ, ಕಣ್ಣೊರೆಸುವ ಆಟ.

ಹೂತ ಶವವನ್ನು ಹೊರತೆಗೆದಾಗ ಇನ್ನೊಂದು ತಕರಾರು ಏಳುತ್ತಿತ್ತು: ಸ್ಮಶಾನದ ಮಣ್ಣಿನಲ್ಲೇ ಆರ್ಸೆನಿಕ್ ಇದ್ದು ಶವಕ್ಕೆ ಇಳಿದಿರಬಾರದೇಕೆ? ಪ್ಯಾರಿಸಿನ ಪ್ರಾಧ್ಯಾಪಕ ಮ್ಯಾಥ್ಯೂ ಆರ್ಫಿಲಾ ಇದನ್ನು ಕೂಲಂಕಷವಾಗಿ ನೋಡಿದ. ಕೆಲವು ಮಣ್ಣುಗಳಲ್ಲಿ ಆರ್ಸೆನಿಕ್ ಇರುವುದು ನಿಜ, ಆದರೆ ಅದು ತಣ್ಣೀರಿಗೆ ಸುಲಭವಾಗಿ ಬಿಡುವುದಿಲ್ಲ ಎಂಬುದು ಅವನ ತೀರ್ಮಾನ. ಅಲ್ಲಿಂದ ಮುಂದೆ ಶವಪೆಟ್ಟಿಗೆಯ ಮೇಲಿನ, ಕೆಳಗಿನ, ಪಕ್ಕದ ಮಣ್ಣನ್ನೂ ಸ್ವಲ್ಪ ದೂರದ ಮಣ್ಣನ್ನೂ ಬೇರೆ ಬೇರೆ ಜಾಡಿಗಳಲ್ಲಿ ತೆಗೆದಿಡುವುದು ಪದ್ಧತಿಯಾಯಿತು. ಆರ್ಫಿಲಾನೂ ತಪ್ಪದವನಲ್ಲ. ಮನುಷ್ಯನ ಮೂಳೆಯಲ್ಲಿ ಸಹಜವಾಗಿಯೇ ಆರ್ಸೆನಿಕ್ ಇದೆ ಎಂದು ಸಾರಿ, ಆಮೇಲೆ ಆ ಮಾತನ್ನು ಹಿಂತೆಗೆದುಕೊಂಡ.

1840ರಲ್ಲಿ ಫ್ರಾನ್ಸಿನ ಕೊರೇಜ್ ಪ್ರಾಂತ್ಯದ ಲಾಫಾರ್ಜ್ ಪ್ರಕರಣದಲ್ಲಿ ಇದೆಲ್ಲ ಒಟ್ಟಿಗೆ ಬಂದು ಬಿತ್ತು. ಲೆ ಗ್ಲಾಂಡಿಯೆ ಎಂಬಲ್ಲಿ ಕಬ್ಬಿಣದ ಕುಲುಮೆ ನಡೆಸುತ್ತಿದ್ದ ಶಾರ್ಲ್ ಲಾಫಾರ್ಜ್ 1839ರ ಆಗಸ್ಟ್‌ನಲ್ಲಿ ಪ್ಯಾರಿಸಿನ ಮಾರಿ ಕಪೆಲ್‌ಳನ್ನು ಮದುವೆಯಾದ. ದೊಡ್ಡ ಬಂಗಲೆಯ ಕನಸು ಕಂಡು ಬಂದವಳಿಗೆ ಸಿಕ್ಕಿದ್ದು ಇಲಿಗಳು ಓಡಾಡುವ ಹಾಳು ಮನೆ. ಡಿಸೆಂಬರಿನಲ್ಲಿ ಗಂಡ ಪ್ಯಾರಿಸಿನಲ್ಲಿದ್ದಾಗ ಅವಳು ಕಳಿಸಿದ ಕೇಕ್ ತಿಂದು ಅವನು ಹಾಸಿಗೆ ಹಿಡಿದ. ಊರಿಗೆ ಮರಳಿದ ಮೇಲೂ ವಾಂತಿ ನಿಲ್ಲಲಿಲ್ಲ. ಜನವರಿ 14ರಂದು ತೀರಿಕೊಂಡ. ಮಾರಿ ಇಲಿಗೆಂದು ಆರ್ಸೆನಿಕ್ ತರಿಸಿದ್ದಳು. ಆದರೆ ಮನೆಯಲ್ಲಿ ಇಲಿಗೆ ಇಟ್ಟಿದ್ದ ಕಣಕದಲ್ಲಿ ವಿಷವೇ ಇರಲಿಲ್ಲ, ಇದ್ದದ್ದು ಅಡುಗೆಸೋಡದಂಥ ನಿರುಪದ್ರವಿ ಪುಡಿ.

ಮೊದಲು ಪರೀಕ್ಷಿಸಿದ ಬ್ರೀವ್ ಪಟ್ಟಣದ ವೈದ್ಯರು ಹಳೆಯ ಹಳದಿ ಗಸಿಯನ್ನೇ ನಂಬಿದರು. ಅದನ್ನು ಲೋಹವಾಗಿಸಲು ಹೊರಟಾಗ ನಳಿಕೆ ಒಡೆಯಿತು. ಮಾರಿಯ ವಕೀಲ ಪ್ಯಾರಿಸಿನ ಆರ್ಫಿಲಾನಿಂದಲೇ ಅಭಿಪ್ರಾಯ ತರಿಸಿ, ಇವರ ವಿಧಾನ ಓಬೀರಾಯನ ಕಾಲದ್ದು ಎಂದು ತೋರಿಸಿದ. ಆಮೇಲೆ ಲಿಮೋಜ್‌ನಿಂದ ಬಂದ ಔಷಧಿಕಾರರು ಮಾರ್ಷ್ ಪರೀಕ್ಷೆಯನ್ನೇ ನಡೆಸಿ, ಜಠರದಲ್ಲಿ ಏನೂ ಇಲ್ಲ ಎಂದರು. ಶವ ಹೊರತೆಗೆದರು, ಮತ್ತೆ ಇಲ್ಲ. ವಿಚಿತ್ರವೆಂದರೆ ರೋಗಿಗೆ ಕೊಟ್ಟ ಹಾಲು-ಮೊಟ್ಟೆಯ ಪಾನೀಯದಲ್ಲಿ ಆರ್ಸೆನಿಕ್ ಧಾರಾಳವಾಗಿತ್ತು. ಕೊನೆಗೆ ಆರ್ಫಿಲಾನನ್ನೇ ಟ್ಯೂಲ್ ನಗರದ ಕೋರ್ಟಿಗೆ ಕರೆಸಿದರು. ಸೆಪ್ಟೆಂಬರ್ 13ರ ರಾತ್ರಿ, ಹಿಂದಿನ ತಜ್ಞರನ್ನೂ ಎದುರಿಗೆ ಕೂರಿಸಿಕೊಂಡು, ಅವನು ಹೊಸದಾಗಿ ಪರೀಕ್ಷೆ ನಡೆಸಿದ. ಮರುದಿನ ಅವನು ಹೇಳಿದ್ದರ ಸಾರ ಇಷ್ಟು: ಶವದಲ್ಲಿ ಆರ್ಸೆನಿಕ್ ಇದೆ, ಅದು ನಾನು ಬಳಸಿದ ರಾಸಾಯನಿಕಗಳಿಂದ ಬಂದದ್ದಲ್ಲ, ಶವಪೆಟ್ಟಿಗೆಯ ಸುತ್ತಲ ಮಣ್ಣಿನದೂ ಅಲ್ಲ, ದೇಹದಲ್ಲಿ ಸಹಜವಾಗಿ ಇರುವುದೂ ಅಲ್ಲ.

ಒಂದು "ಇದೆ"ಗೆ ಮೂರು "ಅಲ್ಲ". ಸಾಕ್ಷ್ಯದ ತೂಕ ಇದ್ದದ್ದು ಆ ಮೂರರಲ್ಲಿ. ಮಾರಿಗೆ ಜೀವಾವಧಿ ಶಿಕ್ಷೆಯಾಯಿತು. ಎದುರು ತಜ್ಞ ರಾಸ್ಪೈ ಬರುವಷ್ಟರಲ್ಲಿ ತೀರ್ಪು ಮುಗಿದಿತ್ತು. ಇಷ್ಟು ಸೂಕ್ಷ್ಮ ಪರೀಕ್ಷೆಯಲ್ಲಿ ನ್ಯಾಯಾಧೀಶರ ಕುರ್ಚಿಯಿಂದಲೂ ಆರ್ಸೆನಿಕ್ ತೆಗೆದು ತೋರಿಸಬಲ್ಲೆ ಎಂದು ಅವನು ಹೇಳಿದನೆಂಬ ಮಾತಿದೆ. ಅದು ಬರೀ ಕುಹಕವಲ್ಲ. 1859ರಲ್ಲಿ ಇಂಗ್ಲೆಂಡಿನ ಅತಿ ದೊಡ್ಡ ವಿಷತಜ್ಞ ಆಲ್ಫ್ರೆಡ್ ಸ್ವೈನ್ ಟೇಲರ್ ಸ್ಮೆಥರ್ಸ್ಟ್ ಎಂಬ ವೈದ್ಯನ ಮೊಕದ್ದಮೆಯಲ್ಲಿ ಇದೇ ಹಳ್ಳಕ್ಕೆ ಬಿದ್ದ. ತಾನು ಕಂಡ ಆರ್ಸೆನಿಕ್ ಸೀಸೆಯ ದ್ರವದ್ದಲ್ಲ, ಮಾರ್ಷ್‌ನದಲ್ಲದ ಇನ್ನೊಂದು ಪರೀಕ್ಷೆಗೆ ಬಳಸಿದ ತಾಮ್ರದ್ದು ಎಂದು ಅವನೇ ಒಪ್ಪಿಕೊಳ್ಳಬೇಕಾಯಿತು. ಗಲ್ಲುಶಿಕ್ಷೆಯಾಗಿದ್ದ ಆರೋಪಿಗೆ ಆ ಕೊಲೆಯ ವಿಷಯದಲ್ಲಿ ಕ್ಷಮೆ ಸಿಕ್ಕಿತು.

ಮಸಿ ಬೆರೆಸಿದ ಪಾಷಾಣ

ಎಲ್ಲಿಂದ ಬಂತು ಎಂಬುದು ರಸಾಯನಜ್ಞನ ಪ್ರಶ್ನೆ. ಯಾರ ಕೈಯಿಂದ ಎಂಬುದಕ್ಕೆ ಸೀಸೆಯಲ್ಲಿ ಉತ್ತರವಿಲ್ಲ. ಎಸೆಕ್ಸ್‌ನ ಕ್ಲೇವರಿಂಗ್ ಹಳ್ಳಿಯ ಸಾರಾ ಚೆಷಮ್ ಪ್ರಕರಣ ಇದನ್ನು ನಿಚ್ಚಳವಾಗಿ ತೋರಿಸುತ್ತದೆ. 1845ರ ಜನವರಿಯಲ್ಲಿ ಅವಳ ಇಬ್ಬರು ಗಂಡುಮಕ್ಕಳು ಒಬ್ಬರ ಹಿಂದೊಬ್ಬರು ಸತ್ತರು. ಮುಂದಿನ ವರ್ಷ ಶವಗಳನ್ನು ಹೊರತೆಗೆದು ಟೇಲರ್ ಪರೀಕ್ಷಿಸಿದಾಗ ಇಬ್ಬರಲ್ಲೂ ಆರ್ಸೆನಿಕ್ ಸ್ಪಷ್ಟವಾಗಿ ಸಿಕ್ಕಿತು. ಆದರೆ ಅದನ್ನು ತಾಯಿಯೇ ಕೊಟ್ಟಳೆನ್ನಲು ಆಧಾರವಿರಲಿಲ್ಲ. 1847ರಲ್ಲಿ ಬಿಡುಗಡೆಯಾದಳು. 1850ರಲ್ಲಿ ಗಂಡ ರಿಚರ್ಡ್ ಸತ್ತ. ಅವನಿಗೆ ಶ್ವಾಸಕೋಶದ ಕ್ಷಯವಿತ್ತು. ದೇಹದಲ್ಲಿ ಸಿಕ್ಕ ಆರ್ಸೆನಿಕ್ ಅತ್ಯಲ್ಪ, ಸಾವಿಗೆ ಅದೇ ಕಾರಣ ಎನ್ನಲು ಟೇಲರ್‌ಗೂ ಆಗಲಿಲ್ಲ. ಆದರೆ ಮನೆಯ ಅಕ್ಕಿಚೀಲದಲ್ಲಿ ಆರ್ಸೆನಿಕ್ ಪತ್ತೆಯಾಯಿತು, ಅವಳ ವಿರುದ್ಧ ಮಾತಾಡುವ ನೆರೆಯವಳೂ ಸಿಕ್ಕಳು. ಕೊಲ್ಲುವ ಉದ್ದೇಶದಿಂದ ವಿಷ ಕೊಟ್ಟಳೆಂಬ ಆರೋಪದ ಮೇಲೆ 1851ರ ಮಾರ್ಚ್ 25ರಂದು ಅವಳನ್ನು ಗಲ್ಲಿಗೇರಿಸಿದರು. ಹೆಚ್ಚು ವಿಷ ಸಿಕ್ಕಾಗ ಬಿಡುಗಡೆ, ಕುರುಹು ಸಿಕ್ಕಾಗ ಗಲ್ಲು. ರಾಸಾಯನಿಕ ಸಾಕ್ಷ್ಯ ಕಡಿಮೆಯಾದಷ್ಟೂ ಊರಿನ ಬಾಯಿ ದೊಡ್ಡದಾಗಿತ್ತು.

ಅದೇ ದಿನಗಳಲ್ಲಿ ಸಂಸತ್ತಿನ ಮುಂದಿದ್ದ ಆರ್ಸೆನಿಕ್ ಕಾಯ್ದೆ ಆ ವರ್ಷವೇ ಜಾರಿಯಾಯಿತು. ಯಾರ ಕೈಯಿಂದ ಎಂಬ ಪ್ರಶ್ನೆಗೆ ಉತ್ತರ ಅಂಗಡಿಯ ಕಟ್ಟೆಯಲ್ಲೇ ಸಿಗಲಿ ಎಂಬುದು ಅದರ ಉದ್ದೇಶ. ಮಾರುವವನು ಪುಸ್ತಕದಲ್ಲಿ ತಾರೀಖು, ಕೊಳ್ಳುವವನ ಹೆಸರು, ವಿಳಾಸ, ಕಸುಬು, ತೂಕ, ಯಾಕೆ ಬೇಕು ಎಂಬುದನ್ನೆಲ್ಲ ಬರೆದು ಸಹಿ ಹಾಕಿಸಿಕೊಳ್ಳಬೇಕು. ಗುರುತಿಲ್ಲದವನಾದರೆ ಇಬ್ಬರಿಗೂ ಗೊತ್ತಿರುವ ಸಾಕ್ಷಿ ಬೇಕು. ಅಪ್ರಾಪ್ತರಿಗೆ ಕೊಡುವಂತಿಲ್ಲ. ಚಿಲ್ಲರೆ ಮಾರುವ ಪಾಷಾಣದ ಪ್ರತಿ ಪೌಂಡಿಗೆ 1 ಔನ್ಸ್ ಮಸಿ ಇಲ್ಲವೇ ಅರ್ಧ ಔನ್ಸ್ ನೀಲಿ ಬೆರೆಸಿರಬೇಕು. ಹಿಟ್ಟಿನಂತೆ ಕಾಣುವ ಪುಡಿ ಬೂದುಗಪ್ಪಾದರೆ ಹಾಲಿನಲ್ಲೋ ಗಂಜಿಯಲ್ಲೋ ತಾನೇ ತೋರಿಕೊಳ್ಳುತ್ತದೆ. ವಯಸ್ಕ ಗಂಡಸರಿಗೆ ಮಾತ್ರ ಮಾರಬೇಕು ಎಂಬ ಸಾಲೂ ಮಸೂದೆಯಲ್ಲಿ ನುಸುಳಿತ್ತು. ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಗೃಹಮಂತ್ರಿಗೆ ಕಟುವಾಗಿ ಬರೆದು ಪ್ರತಿಭಟಿಸಿದ. ಕಾಯ್ದೆಯಲ್ಲಿ ಆ ಸಾಲು ಉಳಿಯಲಿಲ್ಲ.

ಈ ಪುಸ್ತಕ, ಸಾಕ್ಷಿ, ವಯಸ್ಸಿನ ನಿಯಮ ಎಲ್ಲ ಹೇಗೆ ಕೆಲಸ ಮಾಡಿದವು ಎಂಬುದಕ್ಕೆ ಡರ್ಹಮ್ ಪ್ರಾಂತ್ಯದ ಗಣಿಹಳ್ಳಿ ವೆಸ್ಟ್ ಆಕ್ಲೆಂಡ್ ನೋಡಬೇಕು. 1872ರ ಜುಲೈನಲ್ಲಿ ಅಲ್ಲಿ ಮೇರಿ ಆನ್ ಕಾಟನ್‌ಳ ಮಲಮಗ, ಏಳು ವರ್ಷದ ಚಾರ್ಲ್ಸ್ ಎಡ್ವರ್ಡ್ ಸತ್ತ. ಊರಿನ ಅಧಿಕಾರಿ ಥಾಮಸ್ ರೈಲಿ ಅನುಮಾನ ಎತ್ತಿದ. ಮೊದಲ ವಿಚಾರಣೆ ಸಹಜ ಸಾವು ಎಂದು ಮುಗಿದೇಹೋಯಿತು. ಶವಪರೀಕ್ಷೆ ಮಾಡಿದ್ದ ವೈದ್ಯ ಕಿಲ್ಬರ್ನ್ ಮಾದರಿಗಳನ್ನು ಎಸೆಯದೆ ಇಟ್ಟುಕೊಂಡಿದ್ದ. ಆಮೇಲೆ ಸಾವಧಾನವಾಗಿ ಪರೀಕ್ಷಿಸಿದಾಗ ಆರ್ಸೆನಿಕ್ ಕಂಡಿತು. ಲೀಡ್ಸ್ ವೈದ್ಯಕೀಯ ಶಾಲೆಯ ಥಾಮಸ್ ಸ್ಕ್ಯಾಟರ್‌ಗುಡ್ ಅದನ್ನು ಖಚಿತಪಡಿಸಿದ. ಅದೇ ಮನೆಯ ಇನ್ನಷ್ಟು ಶವಗಳನ್ನು ಅಗೆದರು, ಅವುಗಳಲ್ಲೂ ಸಿಕ್ಕಿತು.

ಆರೋಪಿ ಮೇರಿ ಆನ್‌ಳ ವಕೀಲರ ಉತ್ತರವೂ ಚುರುಕಾಗಿತ್ತು: ಹುಡುಗ ಮಲಗುತ್ತಿದ್ದ ಕೋಣೆಯ ಹಸಿರು ಗೋಡೆಕಾಗದದ ಬಣ್ಣದಲ್ಲೇ ಆರ್ಸೆನಿಕ್ ಇದೆ, ಧೂಳಾಗಿ ಉದುರಿ ಮೂಗು ಬಾಯಿಗೆ ಹೋಗಿದೆ. ಹಾಸ್ಯಾಸ್ಪದ ವಾದವಲ್ಲ ಇದು, ಆ ಕಾಲದ ಹಸಿರು ಬಣ್ಣಗಳಲ್ಲಿ ಆರ್ಸೆನಿಕ್ ನಿಜಕ್ಕೂ ಇತ್ತು. ಆದರೆ ಉಸಿರಿಗೆ ಹೋದ ಧೂಳು ಒಂದು, ಹೊಟ್ಟೆ ಕರುಳಿನಲ್ಲಿ ಸಿಕ್ಕ ವಿಷ ಇನ್ನೊಂದು. ಜ್ಯೂರಿ ಒಪ್ಪಲಿಲ್ಲ. 1873ರ ಮಾರ್ಚ್ 24ರಂದು ಡರ್ಹಮ್ ಜೈಲಿನಲ್ಲಿ ಅವಳನ್ನು ಗಲ್ಲಿಗೇರಿಸಿದರು.

ಕೋರ್ಟಿನಲ್ಲಿ ಬಂದ ಇನ್ನೊಂದು ಸಾಕ್ಷ್ಯ ಅಂಗಡಿಯದು. ಹುಡುಗ ಸಾಯುವ ಕೆಲವು ವಾರ ಮುಂಚೆ ಅವಳು ತಿಗಣೆಗೆಂದು, ಆರ್ಸೆನಿಕ್ ಬೆರೆಸಿದ ಮೆದು ಸಾಬೂನು ತರಲು ಅಂಗಡಿಗೆ ಕಳಿಸಿದ್ದು ಅದೇ ಹುಡುಗನನ್ನು. ವಯಸ್ಸು ಸಾಲದು ಎಂದು ಅಂಗಡಿಯವನು ಅವನನ್ನು ಬರಿಗೈಯಲ್ಲಿ ವಾಪಸು ಕಳಿಸಿದ. ಆಮೇಲೆ ನೆರೆಮನೆಯ ಹೆಂಗಸೊಬ್ಬಳು ಹೋಗಿ ತಂದುಕೊಟ್ಟಳು.